ಯಾರಿಗೂ ಒಪ್ಪಿಸದೆ

ರಶ್ಮಿತಾ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗುವುದನ್ನು ಕಲಿಯಲು ತೊಡಗಿ ಇಪ್ಪತ್ತೆರಡು ದಿನವಾಗಿತ್ತು. ಅವಳು ಕಲಿತದ್ದು ಎಂಟೇ ದಿನದಲ್ಲಿ. ಉಳಿದ ಹದಿನಾಲ್ಕು ದಿನ ಹಾಳಾದದ್ದು ಸುತ್ತಲಿನ ಜನರಿಗೆ ಕಲಿಸುವುದರಲ್ಲಿ ಎಂದು ಅವಳ ತಾಯಿ ಪ್ರೇಮಲತಾ ರೊಟ್ಟಿ ಬಡಿಯುತ್ತ ಗೊಣಗುತ್ತಿದ್ದಳು. ಆ ಜನರಲ್ಲಿ ತಾನೂ ಒಬ್ಬಳು ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ರಶ್ಮಿತಾಳಿಗೆ ಹತ್ತೊಂಬತ್ತು. ಹುಟ್ಟಿದಾಗ ಅಳುವುದಕ್ಕೇ ತಡ ಮಾಡಿದವಳು. ಆಮೇಲೆ ನಡಿಗೆ ತಡ, ಮಾತು ತಡ, ಅಕ್ಷರ ಇನ್ನೂ ತಡ. ಏನಾದರೂ ಕೇಳಿದರೆ ಅವಳಿಂದ ಉತ್ತರ ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. ಹಾಗಾಗಿ ಅವಳ ಪಾಲಿನ ಉತ್ತರಗಳನ್ನೆಲ್ಲ ಪ್ರೇಮಲತಾಳೇ ಕೊಟ್ಟು ರೂಢಿಯಾಗಿತ್ತು. “ನಿನ್ನ ಹೆಸರೇನವ್ವಾ” ಎಂದು ಯಾರಾದರೂ ಹುಡುಗಿಯ ಗಲ್ಲ ಹಿಡಿದರೆ “ರಶ್ಮಿತಾ ಅಂತ” ಎನ್ನುತ್ತಿದ್ದವಳು ತಾಯಿ. ಆದರೆ ಒಮ್ಮೆ ತಲೆಯೊಳಗೆ ಇಳಿದದ್ದನ್ನು ಈ ಹುಡುಗಿ ಮರೆತದ್ದಿಲ್ಲ. ತಾಯಿ ಮನೆಯಲ್ಲಿ ಕೂತು ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದುದನ್ನು ಎರಡು ವರ್ಷ ಪಕ್ಕದಲ್ಲಿ ಕೂತು ಸುಮ್ಮನೆ ನೋಡಿದಳು. ಒಂದು ಮಧ್ಯಾಹ್ನ ಪ್ರೇಮಲತಾ ಅನ್ನ ಬಸಿಯಲು ಎದ್ದು ಹೋಗಿ ಬಂದು ನೋಡಿದರೆ, ಸೆರಗಿನ ತುದಿಯಲ್ಲಿ ನಾಲ್ಕು ಹೊಸ ಕುಚ್ಚುಗಳು ಒಂದೇ ಉದ್ದಕ್ಕೆ, ಒಂದೇ ಬಿಗಿಯಲ್ಲಿ ನಿಂತಿದ್ದವು. ಪ್ರೇಮಲತಾಳ ಕೈಯಲ್ಲಿ ಅಷ್ಟು ಸಮವಾಗಿ ಎಂದೂ ಬಂದಿರಲಿಲ್ಲ.

ಆ ಕುಚ್ಚುಗಳನ್ನು ಓಬಳಮ್ಮ ನೋಡಿದ್ದು ಚಳ್ಳಕೆರೆಯ ಒಂದು ಮದುವೆಯಲ್ಲಿ. ಓಬಳಮ್ಮನದು ಮೊಳಕಾಲ್ಮೂರಿನ ನೇಕಾರರ ಮನೆ. ಮನೆಯಲ್ಲಿ ಎರಡು ಮಗ್ಗ, ಮಾತಿನಲ್ಲಿ ಅರ್ಧ ತೆಲುಗು. ಪಕ್ಕದಲ್ಲಿ ಕೂತವಳ ಸೆರಗನ್ನು ಹಿಡಿದೆಳೆದು “ಇದು ಯಾರ ಕೈ?” ಎಂದು ಕೇಳಿದಳು. ತಿಂಗಳು ಕಳೆಯುವುದರೊಳಗೆ ಮನೆಗೇ ಬಂದಳು. ಮಗ್ಗದ ಮೇಲಿನಿಂದ ಇಳಿದ ರೇಷ್ಮೆ ಸೀರೆಯನ್ನು ಕುಚ್ಚು ಕಟ್ಟಿಸಲು ಪರ ಊರಿಗೆ ಕಳಿಸುವುದು ಅವರ ಮನೆಯಲ್ಲಿ ಇಲ್ಲ. ಹುಡುಗಿಯೇ ಬರಬೇಕು, ದಿನವೂ.

“ನಾನೇ ಕರ್ಕೊಂಡು ಬರ್ತೀನಿ,” ಎಂದಳು ಪ್ರೇಮಲತಾ.

“ನೀನು ಬರೋದು ಬೇಡಮ್ಮಾ. ಈಗ ಅರ್ಧ ಗಂಟೆಯಿಂದ ನೋಡ್ತಾ ಇದೀನಿ. ನಾನು ಅವಳನ್ನ ಕೇಳ್ತೀನಿ, ನೀನು ಹೇಳ್ತೀಯ. ನಮ್ಮನೆಗೆ ಬಂದು ನೀನು ಮಾತಾಡ್ತಾ ಕೂತ್ರೆ ನನ್ನ ಮಗ್ಗಾನೂ ನಿಲ್ತೈತೆ. ಒಬ್ಬಳೇ ಬರೋದಾದ್ರೆ ಬರ್ಲಿ.”

ಹೀಗೆ ಪಾಠ ಶುರುವಾಯಿತು. ಮೊದಲ ವಾರ ಪ್ರೇಮಲತಾ ಮಗಳ ಪಕ್ಕದಲ್ಲೇ ಕೂತಳು. ಎರಡನೆಯ ವಾರ ಹಿಂದಿನ ಸೀಟಿನಲ್ಲಿ. ಕಲಿಸಬೇಕಾದದ್ದು ಬಹಳವೇನೂ ಇರಲಿಲ್ಲ. ಬಳ್ಳಾರಿ ಬಸ್ಸುಗಳು ಮೊಳಕಾಲ್ಮೂರಿಗೆ ಹೋಗುತ್ತೇವೆಂದು ಕೂಗಿ ಹತ್ತಿಸಿಕೊಂಡು, ಊರಿಗೆ ಮೊದಲೇ ಸಿಗುವ ಹಾನಗಲ್ ಕ್ರಾಸಿನಲ್ಲಿ ಇಳಿಸಿ ನೆಟ್ಟಗೆ ಹೋಗಿಬಿಡುತ್ತವೆ. ಆದ್ದರಿಂದ ಹತ್ತುವ ಮೊದಲು “ಮೊಳಕಾಲ್ಮೂರು ಒಳಗೆ ಹೋಗ್ತೈತಾ?” ಎಂದು ಕಂಡಕ್ಟರನನ್ನೇ ಕೇಳಬೇಕು. ಮುಂದಿನ ಹೆಂಗಸರ ಸೀಟಿನಲ್ಲಿ ಕೂರಬೇಕು. ಆಧಾರ್ ಕಾರ್ಡು ತೋರಿಸಿ ಟಿಕೆಟ್ ಪಡೆದು ಕೈಯಲ್ಲೇ ಇಟ್ಟುಕೊಳ್ಳಬೇಕು. ಯಾರು ಏನು ಕೊಟ್ಟರೂ ತಿನ್ನಬಾರದು. ಗುರುತಿನವರೇ ಕರೆದರೂ ಯಾರ ಬೈಕೂ ಹತ್ತಬಾರದು. ಮೊಳಕಾಲ್ಮೂರು ಬಸ್ ನಿಲ್ದಾಣ ಬರುವ ತನಕ ಇಳಿಯಬಾರದು. ತೊಂದರೆಯಾದರೆ ಚಿಕ್ಕ ಫೋನಿನಲ್ಲಿ ಒಂದನ್ನು ಒತ್ತಿದರೆ ಅವ್ವ.

ರಶ್ಮಿತಾ ಎಲ್ಲವನ್ನೂ ಕಲಿತಳು. ಕಂಡಕ್ಟರು “ಹೂಂ” ಎಂದರೆ ಅವಳಿಗೆ ಸಾಲದು, ಊರಿನ ಹೆಸರನ್ನು ಬಾಯಿಬಿಟ್ಟು ಹೇಳುವವರೆಗೂ ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದಳು. ಹಿಂದೆ ಹತ್ತುವವರು ಗೊಣಗಿದರೂ ಕದಲುತ್ತಿರಲಿಲ್ಲ. ಪ್ರೇಮಲತಾಳಿಗೆ ಒಮ್ಮೊಮ್ಮೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಆದರೆ ತಪ್ಪು ಹುಡುಕಲು ಏನೂ ಸಿಗುತ್ತಿರಲಿಲ್ಲ.

ತಪ್ಪಾದದ್ದು ಬುಧವಾರ, ಮೊದಲ ಸಲ ಒಬ್ಬಳನ್ನೇ ಕಳಿಸಿದ ದಿನ.

ಈ ಸೀಮೆಯಲ್ಲಿ ಬಸ್ಸಿಗೆ ಏನನ್ನಾಗಲಿ ಯಾರಿಗಾದರೂ ಒಪ್ಪಿಸದೆ ಕಳಿಸುವ ಪದ್ಧತಿಯಿಲ್ಲ. ಹೂವಿನ ಮೂಟೆ, ರಿಪೇರಿಯಾದ ಮೋಟರು, ಬಾಣಂತಿಗೆ ಅಂಟಿನುಂಡೆ, ಕಣ್ಣು ಮಂಜಾದ ಅಜ್ಜಿ, ರಜಕ್ಕೆ ಹೊರಟ ಮಕ್ಕಳು, ಎಲ್ಲವೂ ಕಿಟಕಿಯ ಹೊರಗಿನಿಂದ “ಸ್ವಲ್ಪ ನೋಡ್ಕೊಳ್ರಿ” ಎಂಬ ಒಂದು ಮಾತಿನ ಮೇಲೆ ಸಾಗುತ್ತವೆ. ಒಪ್ಪಿಕೊಂಡವರು ಅದನ್ನು ತಲುಪಿಸುತ್ತಾರೆ ಕೂಡ. ಬುಧವಾರ ಪ್ರೇಮಲತಾ ಮಗಳನ್ನು ಕಂಡಕ್ಟರನಿಗೆ ಒಪ್ಪಿಸಿದಳು. ಸಾಲದೆಂದು ರಾಂಪುರಕ್ಕೆ ಹೊರಟಿದ್ದ ಒಬ್ಬ ಮೇಷ್ಟ್ರಿಗೂ ಒಪ್ಪಿಸಿ, ಇಬ್ಬರ ಫೋನ್ ನಂಬರನ್ನೂ ಪಡೆದಳು. ಬಸ್ಸು ಹೊರಟ ಮೇಲೆ ಓಡಿಹೋಗಿ, ಕಿಟಕಿಯ ಪಕ್ಕ ಕೂತಿದ್ದ ಗುರುತೇ ಇಲ್ಲದ ಹೆಂಗಸಿಗೂ ಒಪ್ಪಿಸಿದಳು.

ಮೂವರೂ ಜವಾಬ್ದಾರಿಯುಳ್ಳವರು. ಹಾನಗಲ್ ಬರುವಷ್ಟರಲ್ಲಿ ಚರ್ಚೆ ಮಾಡಿ, ನಿಲ್ದಾಣದಿಂದ ಹುಡುಗಿ ನಡೆದು ಹೋಗುವುದು ಬೇಡ, ಮನೆ ಬಾಗಿಲಿಗೇ ಮುಟ್ಟಲಿ ಎಂದು ಅಲ್ಲಿಯೇ ಇಳಿಸಿ ಆಟೊ ಹತ್ತಿಸಿದರು. “ಯಾರ ಮನೆ?” ಎಂದು ಆಟೊದವನು ಕೇಳಿದ. ರಶ್ಮಿತಾ ಬಾಯಿ ತೆರೆಯುವ ಮೊದಲೇ ಕಂಡಕ್ಟರು “ಓಬಳಮ್ಮನ ಮನೆ” ಎಂದ. ಮೊಳಕಾಲ್ಮೂರಿನಲ್ಲಿ ಓಬಳಮ್ಮ ಇಲ್ಲದ ಬೀದಿ ಹುಡುಕಬೇಕು. ಆಟೊದವನು ತನಗೆ ಗೊತ್ತಿದ್ದ, ಹಿಟ್ಟಿನ ಗಿರಣಿಯ ಓಬಳಮ್ಮನ ಮನೆಗೆ ಮುಟ್ಟಿಸಿದ. ಆಕೆಯೂ ಒಳ್ಳೆಯವಳು. ಬಂದವರು ಯಾರು ಏನು ಎಂದು ಕೇಳದೆ ಚಾಪೆ ಹಾಸಿ ಉಪ್ಪಿಟ್ಟು ಕೊಟ್ಟಳು. ರಶ್ಮಿತಾ “ಇದಲ್ಲ” ಎಂದಳಂತೆ. ಆಕೆ “ಇರ್ಲಿ ತಿನ್ನಮ್ಮಾ, ಮೊಸರು ಹಾಕ್ತೀನಿ” ಎಂದಳಂತೆ. ಹುಡುಗಿ ಫೋನಿನಲ್ಲಿ ಒಂದನ್ನು ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಅವ್ವನ ಫೋನಿಗೆ ಬಿಡುವಿರಲಿಲ್ಲ. ಅವ್ವ ಕಂಡಕ್ಟರಿಗೂ ಮೇಷ್ಟ್ರಿಗೂ ಒಬ್ಬರಾದ ಮೇಲೊಬ್ಬರಿಗೆ ಫೋನು ಮಾಡಿ ಹುಡುಗಿ ಹೇಗಿದ್ದಾಳೆಂದು ವಿಚಾರಿಸುತ್ತಿದ್ದಳು.

ಮಧ್ಯಾಹ್ನ ನೇಕಾರ ಓಬಳಮ್ಮನ ಫೋನು ಬಂತು. “ಏಮಮ್ಮಾ, ನಾನು ಕೆಲಸಕ್ಕೆ ಹುಡುಗಿನ ಕೇಳಿದ್ನಾ, ಪಾರ್ಸಲ್ ಕೇಳಿದ್ನಾ? ಊರೆಲ್ಲ ಹುಡುಕಿ ಕರ್ಕೊಂಡು ಬಂದಿದೀನಿ. ಇಂಥದ್ದು ನನಗೆ ದಿನಾ ಆಗಲ್ಲ. ಸೋಮವಾರ ಒಂಬತ್ತೂವರೆಗೆ ಒಬ್ಬಳೇ ನನ್ನ ಬಾಗಿಲಿಗೆ ಬರ್ಲಿ. ಇಲ್ಲಾಂದ್ರೆ ಪಕ್ಕದ ಮನೆ ಶ್ರುತಿನೇ ಕೂರಿಸ್ಕೊಂತೀನಿ, ಅವಳ ಕುಚ್ಚು ಸೊಟ್ಟ ಆದ್ರೂ ಆಗ್ಲಿ.”

ಗಂಡ ವೀರೇಶ ಎಣ್ಣೆ ಮಿಲ್ಲಿನಿಂದ ಬಂದು ಕಾಲು ತೊಳೆಯುತ್ತ “ಕೆಲಸಾನೇ ಬೇಡ ಬಿಡು, ಮನೇಲಿರ್ಲಿ” ಎಂದ. ರಶ್ಮಿತಾ ತಟ್ಟೆಯ ಮುಂದೆ ಕೂತಿದ್ದಳು. ಊಟ ಮುಗಿಸಿದಳು. ಕೈ ತೊಳೆದಳು. ತಟ್ಟೆಯನ್ನೂ ತೊಳೆದು ಮಗುಚಿಟ್ಟಳು. ಆಮೇಲೆ ಹೇಳಿದಳು.

“ನಾನು ಹೋಗ್ತೀನಿ. ಅವ್ವ ಯಾರಿಗೂ ಹೇಳಬಾರ್ದು. ಅವ್ವ ಬರಬಾರ್ದು.”

ಪ್ರೇಮಲತಾ ತಲೆಯಾಡಿಸಿದಳು. ಬಾಯಿಬಿಟ್ಟು ಮಾತು ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತಳು. ಗುರುತಿನವರು ಯಾರೂ ಸಿಗದಿರಲಿ ಎಂದು ತಿಪ್ಪೇಸ್ವಾಮಿಯನ್ನು ಬೇಡಿಕೊಂಡಳು. ನಾಯಕನಹಟ್ಟಿ ಬಸ್ಸು ಪಕ್ಕದಲ್ಲೇ ಜನ ತುಂಬಿಕೊಳ್ಳುತ್ತಿದ್ದುದರಿಂದ ಆ ದೇವರ ಹೆಸರೇ ಬಾಯಿಗೆ ಬಂದಿತ್ತು. ದೇವರಿಗೆ ಬೇರೆ ಕೆಲಸವಿತ್ತೇನೋ. ಮೊಳಕಾಲ್ಮೂರು ಬಸ್ಸಿನ ಮುಂದೆ ಹನುಮಣ್ಣ ನಿಂತಿದ್ದ.

ಹನುಮಣ್ಣ ಅವಳ ದೊಡ್ಡಮ್ಮನ ಮಗ. ಬೀಜ ಗೊಬ್ಬರದ ವ್ಯಾಪಾರಕ್ಕೆ ಊರೂರು ತಿರುಗುವವನು. ಪರೋಪಕಾರ ಮಾಡದೆ ಅವನಿಗೆ ಬೆಳಗಿನ ಕಾಫಿ ಇಳಿಯುತ್ತಿರಲಿಲ್ಲ.

“ಏನಮ್ಮಾ ತಂಗಿ, ರಶ್ಮಿ ಎಲ್ಲಿಗೆ ಹೊಂಟಾಳೆ? ಮೊಳಕಾಲ್ಮೂರಿಗಾ? ನಾನೂ ಇದೇ ಬಸ್ಸು, ಹಾನಗಲ್‌ನಾಗೆ ಇಳಿದು ರಾಂಪುರಕ್ಕೆ ಹೋಗ್ತೀನಿ. ನೀನು ಮನೆಗೆ ಹೋಗು. ನಾನು ನೋಡ್ಕೊಂತೀನಿ.”

“ಬೇಡಣ್ಣ.”

“ಏನು ಬೇಡ?”

“ನೋಡ್ಕೊಳ್ಳೋದು ಬೇಡ. ಅವಳೇ ಹೋಗ್ತಾಳೆ.”

ಹನುಮಣ್ಣನ ಮುಖ ಸಣ್ಣದಾಯಿತು. “ಅಂದ್ರೆ? ನನ್ನ ಮೇಲೆ ನಂಬಿಕೆ ಇಲ್ವಾ? ಎತ್ತಿ ಆಡಿಸಿದ ಮಾವ ನಾನು. ಮೂರು ದಿನದ ಕೂಸಿದ್ದಾಗ ಆಸ್ಪತ್ರೆಗೆ ಹೊತ್ಕೊಂಡು ಓಡಿದೋನು ಯಾರು?”

“ನೀನೇ ಅಣ್ಣ. ಇವತ್ತೊಂದು ದಿನ ಸುಮ್ನಿರು.”

“ನೋಡಿದ್ಯಾ. ಸ್ವಂತ ಅಣ್ಣಂಗೆ ಸುಮ್ನಿರು ಅಂತೀಯ.” ಅವನು ಟವೆಲ್ ಹೆಗಲಿಗೆ ಎಸೆದುಕೊಂಡು ಹತ್ತಿದ. ಸುಮ್ಮನಿರುವವನ ಹತ್ತುವಿಕೆ ಅದಾಗಿರಲಿಲ್ಲ.

ರಶ್ಮಿತಾ ಕಂಡಕ್ಟರನಿಂದ ಊರಿನ ಹೆಸರು ಹೇಳಿಸಿಕೊಂಡು ಹತ್ತಿ, ಮುಂದಿನಿಂದ ಎರಡನೆಯ ಸೀಟಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ತಾಯಿಯ ಕಡೆ ತಿರುಗಿ ನೋಡಲಿಲ್ಲ. ಪ್ರೇಮಲತಾ ಎರಡು ಹೆಜ್ಜೆ ಮನೆಯ ಕಡೆ ಇಟ್ಟಳು. ಹನುಮಣ್ಣ ಆಗಲೇ ಡ್ರೈವರನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳುತ್ತ, ರಶ್ಮಿತಾಳ ಕಡೆ ಬೆರಳು ತೋರಿಸುತ್ತಿದ್ದುದು ಕಾಣಿಸಿತು. ತಾನು ಹಿಂಬಾಲಿಸುತ್ತಿರುವುದು ಮಗಳನ್ನಲ್ಲ, ಹನುಮಣ್ಣನನ್ನು ಎಂದು ತನಗೆ ತಾನೇ ಹೇಳಿಕೊಂಡು ಪ್ರೇಮಲತಾ ಹಿಂಬಾಗಿಲಿನಿಂದ ಹತ್ತಿದಳು. ಕೊನೆಯ ಸಾಲಿನಲ್ಲಿ, ಸೊಪ್ಪಿನ ಗಂಟು ಹಿಡಿದ ಹೆಂಗಸಿನ ಮರೆಗೆ, ತಲೆ ತುಂಬ ಸೆರಗು ಹೊದ್ದು ಕೂತಳು.

ಕಂಡಕ್ಟರು ಬಂದ. “ಎಲ್ಲಿಗೆ?”

ಅವಳು ತುಟಿ ಅಲ್ಲಾಡಿಸಿದಳು.

“ಜೋರಾಗಿ ಹೇಳಮ್ಮಾ, ಎಂಜಿನ್ ಸದ್ದು ಕೇಳಲ್ವಾ?”

ಅವಳು ಅವನ ತೋಳು ಹಿಡಿದು ಬಗ್ಗಿಸಿ ಕಿವಿಯಲ್ಲಿ “ಮೊಳಕಾಲ್ಮೂರು” ಎಂದಳು. ಕಂಡಕ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿ, ಆಧಾರ್ ಕಾರ್ಡಿನ ಮುಖವನ್ನೂ ಸೆರಗಿನೊಳಗಿನ ಮುಖವನ್ನೂ ಎರಡೆರಡು ಸಲ ತಾಳೆ ನೋಡಿ ಟಿಕೆಟ್ ಹರಿದ.

ತಳಕು ಬರುವ ಹೊತ್ತಿಗೆ ಇಡೀ ಬಸ್ಸಿಗೆ ರಶ್ಮಿತಾಳ ಜಾತಕ ಗೊತ್ತಾಗಿತ್ತು. ಹನುಮಣ್ಣನ ದನಿ ಹಿಂದಿನ ಸಾಲಿಗೂ ಚೆನ್ನಾಗಿ ಕೇಳುತ್ತಿತ್ತು. “ನಮ್ಮ ತಂಗಿ ಮಗಳು. ಸ್ವಲ್ಪ ನಿಧಾನ. ಒಬ್ಬಳನ್ನೇ ಕಳಿಸ್ಯಾಳೆ, ಏನ್ ಧೈರ್ಯಾನೋ. ನಾನು ಇರೋದಕ್ಕೆ ಆಯ್ತು.” ಪಕ್ಕದಲ್ಲಿ ಕೂತಿದ್ದ ಅಜ್ಜಿ ಅಯ್ಯೋ ಪಾಪ ಎಂದು ಲೊಚಗುಟ್ಟಿ ಬಾಳೆಹಣ್ಣು ಕೊಟ್ಟಳು. ರಶ್ಮಿತಾ ಬೇಡವೆಂದು ತಲೆಯಾಡಿಸಿದಳು. “ತಗೊಳ್ಳೇ, ನಾನೇನು ವಿಷ ಹಾಕೀನಾ?” ಎಂದು ಅಜ್ಜಿ ಸಿಟ್ಟಾದಳು. ಗಾಳಿ ಹೊಡೆಯುತ್ತದೆ, ಕಿಟಕಿ ಬಿಟ್ಟು ಈ ಕಡೆ ಕೂರಿಸಿ ಎಂದ ಒಬ್ಬ. ವಾಂತಿ ಬಂದೀತು, ಕಿಟಕಿ ಕಡೆಯೇ ಇರಲಿ ಎಂದಳು ಇನ್ನೊಬ್ಬಳು. ರಶ್ಮಿತಾ ಕೂತಲ್ಲೇ ಕೂತಿದ್ದಳು. ಹಿಂದೆ ಪ್ರೇಮಲತಾ ಮುಂದಿನ ಸೀಟಿನ ಕಂಬಿಯನ್ನು ಹಿಂಡುತ್ತಿದ್ದಳು. ಇವರಿಗೆಲ್ಲ ಬೇರೆ ಕೆಲಸವಿಲ್ಲವೇ, ಇವರ ಮನೆಯಲ್ಲಿ ಇವರಿಗೆ ಮಕ್ಕಳಿಲ್ಲವೇ, ಒಂದು ಗಂಟೆ ಒಂದು ಹುಡುಗಿಯನ್ನು ಅವಳ ಪಾಡಿಗೆ ಬಿಡಲು ಇವರಿಗೇನು ಕಷ್ಟ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಬುಧವಾರದ ತನ್ನ ಓಟ ನೆನಪಾದಾಗ ಮಾತ್ರ ಉರಿ ಸ್ವಲ್ಪ ತಗ್ಗಿತು.

ಬಸ್ಸು ಹಾನಗಲ್ ಕ್ರಾಸಿನಲ್ಲಿ ನಿಂತಾಗ ಒಂಬತ್ತಾಗುತ್ತ ಬಂದಿತ್ತು. ಹನುಮಣ್ಣ ಎದ್ದ.

“ಬಾ ರಶ್ಮಿ, ಇಳಿ. ಈ ಬಸ್ಸು ಇನ್ನು ಎಲ್ಲಾ ಕಡೆ ನಿಲ್ಲಿಸ್ಕೊಂಡು ಹೋಗ್ತೈತೆ, ನಿಂಗೆ ತಡ ಆಗ್ತೈತೆ. ನನ್ನ ಪರಿಚಯದ ಆಟೊ ಐತೆ. ಒಪ್ಪಿಸ್ತೀನಿ, ಸೀದಾ ಮನೆಗೇ ಬಿಡ್ತಾನೆ.”

ರಶ್ಮಿತಾ ಕದಲಲಿಲ್ಲ.

“ಇಳಿಯಲ್ಲ ಮಾವ.”

“ಹಠ ಮಾಡಬೇಡ. ನಿಮ್ಮವ್ವಂಗೆ ನಾನು ಹೇಳ್ಕೊಂತೀನಿ.” ಅವನು ಅವಳ ತೊಡೆಯ ಮೇಲಿನ ಬ್ಯಾಗನ್ನು ಎತ್ತಿಕೊಂಡು ಇಳಿದೇಬಿಟ್ಟ. ಬ್ಯಾಗು ಹೋದರೆ ಹುಡುಗಿ ಹಿಂದೆ ಬಂದೇ ಬರುತ್ತಾಳೆ ಎಂಬುದು ಅವನ ಲೆಕ್ಕಾಚಾರ. ಬ್ಯಾಗಿನಲ್ಲಿ ಬುತ್ತಿ, ಫೋನು, ಆಧಾರ್ ಕಾರ್ಡು ಎಲ್ಲವೂ ಇದ್ದವು.

ರಶ್ಮಿತಾ ಎದ್ದು ನಿಂತಳು. ಬಾಗಿಲ ಕಡೆ ಹೋಗಲಿಲ್ಲ. ಕಂಬಿ ಹಿಡಿದುಕೊಂಡು ಕಂಡಕ್ಟರನ ಕಡೆ ತಿರುಗಿದಳು. ಅವಳ ತುಟಿಗಳು ಸೇರಿದವು, ಬಿಟ್ಟವು, ಮತ್ತೆ ಸೇರಿದವು. ಪ್ರೇಮಲತಾಳಿಗೆ ಆ ಹೊತ್ತು ಗೊತ್ತು. ಮಾತು ಒಳಗೆ ಸಿದ್ಧವಾಗಿ, ಹೊರಗೆ ಬರಲು ದಾರಿ ಹುಡುಕುತ್ತಿರುವ ಹೊತ್ತು ಅದು. ಹತ್ತೊಂಬತ್ತು ವರ್ಷ ಅದನ್ನು ತಾನೇ ತುಂಬಿಕೊಟ್ಟು ಬಂದವಳು ಅವಳು. ಕಂಡಕ್ಟರು ಬೇರೆ ಕಡೆ ನೋಡುತ್ತ ಸೀಟಿಯನ್ನು ಬಾಯಿಗಿಟ್ಟ. ಡ್ರೈವರು ಗೇರು ಹಾಕಿದ. ರಶ್ಮಿತಾಳ ಗಂಟಲಿನಿಂದ “ಕಂಡ” ಎಂಬಷ್ಟು ಹೊರಬಂದಿತ್ತು.

“ಹನುಮಣ್ಣಾ, ಬ್ಯಾಗ್ ಕೊಡು,” ಎಂದು ಹಿಂದಿನಿಂದ ಇಡೀ ಬಸ್ಸು ತಿರುಗಿ ನೋಡುವಂತೆ ಕೂಗಿದವಳು ಪ್ರೇಮಲತಾ. ಕೂಗಿದ ರಭಸಕ್ಕೆ ತಲೆಯ ಮೇಲಿನ ಸೆರಗು ಜಾರಿತ್ತು. ಸೊಪ್ಪಿನ ಗಂಟು ಉರುಳಿತ್ತು.

ಸೀಟಿ ಕೂಗಿತು, ಹೊರಟಿದ್ದ ಬಸ್ಸು ನಿಂತಿತು. ಕೆಳಗೆ ನಿಂತಿದ್ದ ಹನುಮಣ್ಣ ಬಾಯಿ ತೆರೆದುಕೊಂಡು ಕಿಟಕಿಯೊಳಗೆ ಬ್ಯಾಗು ತೂರಿಸಿದ. ಎಲ್ಲ ಸರಿಹೋಯಿತು ಎಂದು ಪ್ರೇಮಲತಾ ಅಂದುಕೊಂಡಳು, ರಶ್ಮಿತಾ ಹಿಂತಿರುಗಿ ತನ್ನನ್ನು ನೋಡುವವರೆಗೆ.

ಹುಡುಗಿ ಅಳಲಿಲ್ಲ. ಬ್ಯಾಗನ್ನು ಎದೆಗೆ ಅವಚಿಕೊಂಡು ನೋಡಿದಳು. ಈ ಸಲ ಯಾರೂ ನಡುವೆ ಮಾತಾಡಲಿಲ್ಲ. ಏನು ನಡೆಯುತ್ತಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

“ಅವ್ವ. ಇಳಿ.”

“ರಶ್ಮೀ, ನಾನು ಬಂದಿದ್ದು ನಿನ್ನ ಹಿಂದೆ ಅಲ್ಲ, ಹನುಮಣ್ಣ...”

“ಇಳಿ.”

“ಮೊಳಕಾಲ್ಮೂರಿಗೆ ಟಿಕೆಟ್ ಕೊಟ್ಟೀನಲ್ಲಮ್ಮಾ ನಿಮಗೆ,” ಎಂದ ಕಂಡಕ್ಟರು. “ಇವಳು ತಾಯಿನಾ? ತಾಯಿನೇ ಇದ್ದ ಮೇಲೆ ಇದೆಲ್ಲ ಯಾಕೆ?” ಎಂದಳು ಬಾಳೆಹಣ್ಣಿನ ಅಜ್ಜಿ. “ಹೆತ್ತವ್ವನ್ನ ಇಳಿ ಅಂತಾಳಲ್ಲಪ್ಪ,” ಎಂದ ಗಾಳಿಯ ಬಗ್ಗೆ ಹೇಳಿದವನು.

ಇನ್ನು ಉಳಿದಿದ್ದುದು ಕಾಲು ಗಂಟೆಯ ದಾರಿ. ಆ ಕಾಲು ಗಂಟೆಯಲ್ಲಿ ಏನೇನು ಆಗಬಹುದೋ ಅದೆಲ್ಲ ಪ್ರೇಮಲತಾಳ ಕಣ್ಣ ಮುಂದೆ ಸಾಲುಗಟ್ಟಿತು. ತಾನು ಕೂತೇ ಇದ್ದರೆ ಹುಡುಗಿ ಕ್ಷೇಮವಾಗಿ ಮುಟ್ಟುತ್ತಾಳೆ. ತಾಯಿಯ ಜೊತೆ ಮುಟ್ಟುತ್ತಾಳೆ. ಓಬಳಮ್ಮ ಬಾಗಿಲಲ್ಲಿ ಇಬ್ಬರನ್ನೂ ನೋಡಿ ಶ್ರುತಿಗೆ ಹೇಳಿ ಕಳಿಸುತ್ತಾಳೆ. ನಾಳೆಯಿಂದ ರಶ್ಮಿತಾ ಮತ್ತೆ ಚಳ್ಳಕೆರೆಯ ಮನೆಯಲ್ಲಿ, ಕೇಳಿದ್ದಕ್ಕೆಲ್ಲ ಅವ್ವ ಉತ್ತರ ಕೊಡುವ ಮೂಲೆಯಲ್ಲಿ.

ಅವಳು ಎದ್ದಳು. ಬಾಗಿಲಿನಲ್ಲಿ ಕಂಡಕ್ಟರನ ಪಕ್ಕಕ್ಕೆ ಬಂದಾಗ ‘ಸ್ವಲ್ಪ ನೋಡ್ಕೊಳ್ರಿ’ ಎಂಬುದು ನಾಲಿಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡಳು. ನುಂಗುವುದು ಅಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಇಳಿದಳು. ಬಸ್ಸು ಬಳ್ಳಾರಿ ರಸ್ತೆ ಬಿಟ್ಟು ಮೊಳಕಾಲ್ಮೂರಿನ ಕಡೆಗೆ ತಿರುಗಿ, ಬಂಡೆಗುಡ್ಡಗಳ ನಡುವೆ ಮರೆಯಾಯಿತು.

“ನಾನು ಒಳ್ಳೇದಕ್ಕೆ ಮಾಡಿದ್ದು,” ಎಂದ ಹನುಮಣ್ಣ.

“ಗೊತ್ತು.”

“ನೀನೂ ಬಸ್ಸಿನಾಗೇ ಇದ್ದೀಯ ಅಂತ ನಂಗೇನು ಗೊತ್ತು?”

“ಅಣ್ಣ, ನಿಂಗೆ ಕೈಮುಗೀತೀನಿ, ಬಾಯಿ ಮುಚ್ಕೊಂಡು ನಿಲ್ಲು.”

ರಾಂಪುರದ ಬಸ್ಸೊಂದು ಬಂತು, ಹೋಯಿತು. ಅವನು ಹತ್ತಲಿಲ್ಲ. ಅಂಗಡಿಯಿಂದ ಎರಡು ಟೀ ತಂದು ಒಂದನ್ನು ಅವಳ ಕೈಗಿಟ್ಟ. ಒಂಬತ್ತೂವರೆ ಆಯಿತು. ಒಂಬತ್ತು ನಲವತ್ತಾಯಿತು. ಫೋನು ಸುಮ್ಮನೇ ಇತ್ತು. ಅವಳು ಅದನ್ನು ತಿರುಗಿಸಿ ಮರಳಿಸಿ ನೋಡಿದಳು, ಸಿಗ್ನಲ್ ಇತ್ತು. ಟೀ ಕೈಯಲ್ಲೇ ಆರಿತು.

“ಮೊಳಕಾಲ್ಮೂರು ಸ್ಟ್ಯಾಂಡಿನಾಗೆ ಹೊನ್ನೂರಸ್ವಾಮಿ ಅಂತ ಐದಾನೆ, ನನ್ನ ಗಿರಾಕಿ,” ಎಂದ ಹನುಮಣ್ಣ ಮೆಲ್ಲಗೆ. “ಒಂದು ಫೋನ್ ಮಾಡಿದ್ರೆ ಹೋಗಿ ನೋಡ್ಕೊಂಡು ಬರ್ತಾನೆ.”

ಅವಳ ಮನಸ್ಸು ಆಗಲೇ ಹೂಂ ಅಂದುಬಿಟ್ಟಿತ್ತು. “ಮಾಡಿದ್ರೆ ನೋಡು,” ಎಂದಿತು ಬಾಯಿ.

ಹತ್ತಕ್ಕೆ ಐದು ನಿಮಿಷವಿದ್ದಾಗ ಫೋನು ಬಡಿದುಕೊಂಡಿತು. ಓಬಳಮ್ಮ. ಆಕೆ ಪಿಸುಗುಟ್ಟುತ್ತಿದ್ದಳು.

“ಏಮಮ್ಮಾ, ಬಂದಾಳೆ. ಒಂಬತ್ತೂ ಇಪ್ಪತ್ತಕ್ಕೇ ಬಂದ್ಳು. ಆಗ್ಲೇ ನಿಂಗೆ ಫೋನ್ ಮಾಡೋಕೆ ಹೋದ್ರೆ ಬೇಡ ಅಂತ ನನ್ನ ಕೈ ಹಿಡ್ಕೊಂಡ್ಳು. ಏನು ಹುಡುಗಿನೋ ನಿಂದು. ಈಗ ನೀರು ಕುಡಿಯೋಕೆ ಒಳಗೆ ಹೋಗ್ಯಾಳೆ, ಅದಕ್ಕೇ ಮಾಡಿದೆ.”

ಪ್ರೇಮಲತಾ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಹನುಮಣ್ಣ ಏನು ಏನು ಎಂದು ಕೈಯಲ್ಲೇ ಕೇಳುತ್ತಿದ್ದ.

“ಸರೇ, ಇನ್ನೊಂದು ಮಾತು,” ಎಂದಳು ಓಬಳಮ್ಮ. “ಸಾಯಂಕಾಲ ಎಷ್ಟು ಗಂಟೆಗೆ ಬಿಡ್ಲಿ? ನಮ್ಮ ಬೀದಿಯಿಂದ ಚಳ್ಳಕೆರೆಗೆ ಹೋಗೋರು ಇದಾರೆ. ಅವರಿಗೆ ಹೇಳಿ ಬಸ್ಸು ಹತ್ತಿಸ್ಲಾ?”

ಪಾರ್ಸಲ್ ಬೇಡ ಎಂದವಳೂ ಇವಳೇ. ಪ್ರೇಮಲತಾಳಿಗೆ ನಗುವೂ ಬಂತು, ತಲೆಯೂ ಕೆಟ್ಟಿತು.

“ನನ್ನ ಕೇಳಬೇಡ್ರಿ ಓಬಳಮ್ಮಾರೇ. ಅವಳನ್ನೇ ಕೇಳ್ರಿ. ಕೇಳಿ ಸ್ವಲ್ಪ ಹೊತ್ತು ಸುಮ್ನಿರ್ರಿ. ಹೇಳ್ತಾಳೆ.”

ಅತ್ತ ಕಡೆಯಿಂದ ಓಬಳಮ್ಮ ಕೂಗಿ ಕೇಳಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಮಗ್ಗದ ಸದ್ದು, ಮತ್ತೆ ಮಗ್ಗದ ಸದ್ದು. ಇತ್ತ ಹಾನಗಲ್ಲಿನಲ್ಲಿ ಲಾರಿಯೊಂದು ಹಾರ್ನು ಹೊಡೆದು ದಾಟಿತು. ಸಾಯಂಕಾಲ ಯಾವ ಬಸ್ಸು ಎಂಬುದು ಪ್ರೇಮಲತಾಳಿಗೆ ಗೊತ್ತಿತ್ತು. ಹೇಳಲು ಒಂದು ಉಸಿರು ಸಾಕಿತ್ತು. ಅವಳು ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

“ಐದು ಗಂಟೆ ಬಸ್ಸು,” ಎಂದಿತು ದೂರದ ದನಿ. ಇನ್ನಷ್ಟು ಮಗ್ಗದ ಸದ್ದು. “ನಾನೇ ಹತ್ತತೀನಿ.”

“ಏನಂತೆ?” ಎಂದ ಹನುಮಣ್ಣ.

“ನಿನ್ನ ರಾಂಪುರದ ಬಸ್ಸು ಬಂತು ನೋಡು,” ಎಂದಳು ಪ್ರೇಮಲತಾ ಎದ್ದು, ಸೆರಗು ಸರಿಮಾಡಿಕೊಳ್ಳುತ್ತ. “ಇದನ್ನಾದ್ರೂ ಹತ್ತಣ್ಣ.”